ಮಗುವಿನ ಕಣ್ಣನ್ನು ಶಾಲೆಗೆ ಸೇರುವವರೆಗೆ ಕಾಯಿಸಬೇಡಿ: ಶಿಶು ಆರೋಗ್ಯದ ನೀತಿ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹುಟ್ಟಿದ ಮಗುವಿಗೆ ಯಾವ ವಾರ ಯಾವ ಲಸಿಕೆ, ಯಾವ ತಿಂಗಳಿಗೆ ಎಷ್ಟು ತೂಕ ಅನ್ನುವುದನ್ನೆಲ್ಲ ಗೊತ್ತುಮಾಡುವವರು ನೀವು. ಆ ಪಟ್ಟಿಯಲ್ಲಿ ಕಣ್ಣಿಗೆ ಅನೇಕ ಕಡೆ ಜಾಗ ಸಿಗುವುದು ಮಗು ಶಾಲೆಗೆ ಸೇರುವ ಹೊತ್ತಿಗೆ. ಅಕ್ಷರ ಗುರುತಿಸಲು ಬಂದ ಮೇಲೆ ತಾನೇ ಚಾರ್ಟ್ ಓದಿಸುವುದು ಅನ್ನುವ ಲೆಕ್ಕಾಚಾರ ಇದರ ಹಿಂದಿರಬೇಕು. ಕೇಳಲು ಸರಿಯಾಗಿಯೇ ಇದೆ. ಆದರೆ ಮಿದುಳು ಚಾರ್ಟಿಗಾಗಿ ಕಾಯುವುದಿಲ್ಲ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿದ ಕೆಲವೇ ದಿನಗಳಲ್ಲಿ ಒಮ್ಮೆ, 6 ವಾರ ತುಂಬುವ ಮೊದಲು ಇನ್ನೊಮ್ಮೆ, ಪ್ರತಿ ಮಗುವಿನ ಎರಡೂ ಕಣ್ಣುಪಾಪೆಗಳ ಕೆಂಪು ಹೊಳಪನ್ನು ನೋಡುವುದು ಕಡ್ಡಾಯವಾಗಬೇಕು (ಬೆಳಕು ಬಿಟ್ಟಾಗ ತಿಳಿಯಾದ ಕಣ್ಣಿನ ಪಾಪೆ ಕೆಂಪಾಗಿ ಹೊಳೆಯುತ್ತದೆ, ಪೊರೆ ಇದ್ದರೆ ಆ ಹೊಳಪು ಕೆಡುತ್ತದೆ). ಅನುಮಾನ ಬಂದ ಮಗು ಕೆಲವೇ ದಿನಗಳಲ್ಲಿ ಕಣ್ಣಿನ ಶಸ್ತ್ರವೈದ್ಯರ ಮುಂದೆ ಇರಬೇಕು. ಇಷ್ಟೊಂದು ಅವಸರ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಕೊಟ್ಟದ್ದು ಬೆಕ್ಕಿನ ಮರಿಗಳು. ಈ ಪತ್ರದ ಬಹುಪಾಲು ಅವುಗಳ ಬಗ್ಗೆಯೇ ಇದೆ, ಸ್ವಲ್ಪ ತಾಳ್ಮೆ ಇಟ್ಟು ಓದಿ.

ಕಣ್ಣಿನ ವೈದ್ಯರಿಗೆ ಒಂದು ಒಗಟು ಬಹಳ ಹಿಂದಿನಿಂದ ಗೊತ್ತಿತ್ತು. ವಯಸ್ಸಾದವರಿಗೆ ಪೊರೆ ಬಂದು ವರ್ಷಗಟ್ಟಲೆ ಮಸುಕಾಗಿದ್ದರೂ, ಪೊರೆ ತೆಗೆದ ಮೇಲೆ ಕಣ್ಣು ಮತ್ತೆ ಕಾಣುತ್ತದೆ. ಹುಟ್ಟುವಾಗಲೇ ಪೊರೆ ಇದ್ದ ಮಗುವಿಗೆ ಎಂಟು ಹತ್ತು ವರ್ಷವಾದ ಮೇಲೆ ತೆಗೆದರೆ ಕಣ್ಣು ತಿಳಿಯಾಗುತ್ತದೆ, ಕಾಣುವುದು ಮಾತ್ರ ಅಷ್ಟಕ್ಕಷ್ಟೆ. ಪೊರೆ ಅದೇ, ಶಸ್ತ್ರಚಿಕಿತ್ಸೆಯೂ ಹೆಚ್ಚುಕಡಿಮೆ ಅದೇ. ಫಲಿತಾಂಶ ಯಾಕೆ ಬೇರೆ?

ಹಾರ್ವರ್ಡ್‌ನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಇಳಿಸಿದರು. ಇಬ್ಬರೂ ವೈದ್ಯಕೀಯ ಓದಿದವರು. ಬೆಕ್ಕಿನ ಮರಿ ಕಣ್ಣು ತೆರೆಯುವುದು ಹುಟ್ಟಿದ ಸುಮಾರು ಹತ್ತನೇ ದಿನ. ಆ ಹೊತ್ತಿಗೆ ಅವರು ಮರಿಗೆ ಅರಿವಳಿಕೆ ಕೊಟ್ಟು ಒಂದು ಕಣ್ಣಿನ ರೆಪ್ಪೆಗಳನ್ನು ಹೊಲಿದರು. ಕಣ್ಣುಗುಡ್ಡೆಯನ್ನು ಮುಟ್ಟಲಿಲ್ಲ. ಎರಡು ಮೂರು ತಿಂಗಳಾದ ಮೇಲೆ ಹೊಲಿಗೆ ಬಿಚ್ಚಿ, ಈ ಸಲ ಚೆನ್ನಾಗಿದ್ದ ಕಣ್ಣನ್ನು ಮುಚ್ಚಿ, ಮರಿಯನ್ನು ನಡೆಯಲು ಬಿಟ್ಟರು. ಅದು ಎದುರಿಗಿದ್ದದ್ದಕ್ಕೆಲ್ಲ ಡಿಕ್ಕಿ ಹೊಡೆಯಿತು. ಮೇಜಿನ ಅಂಚು ಬಂದರೂ ನಿಲ್ಲದೆ ಹೆಜ್ಜೆ ಇಟ್ಟು ಕೆಳಗೆ ಬಿತ್ತು. ಬೀಳುತ್ತದೆಂದು ಗೊತ್ತಿದ್ದುದರಿಂದ ನೆಲದ ಮೇಲೆ ಮೊದಲೇ ಮೆತ್ತೆ ಹಾಕಿಟ್ಟಿದ್ದರು.

ಈಗ ಆ ಕಣ್ಣನ್ನೇ ಪರೀಕ್ಷಿಸಿದರೆ ತಪ್ಪೇನೂ ಸಿಗುವುದಿಲ್ಲ. ಟಾರ್ಚ್ ಬಿಟ್ಟರೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಹಿಂಗೋಡೆಯಲ್ಲಿ ಬೆಳಕು ಹಿಡಿಯುವ ಪರದೆಯಾದ ರೆಟಿನಾ ಬೆಳಕಿಗೆ ಸರಿಯಾಗಿ ಸ್ಪಂದಿಸುತ್ತದೆ. ಕೆಟ್ಟದ್ದು ಕಣ್ಣಿನ ಹಿಂದೆ. ಕಣ್ಣಿನ ನರ ಮೊದಲು ಬಂದು ಸೇರುವ ಥಲಾಮಸ್‌ನಲ್ಲಿ, ಮುಚ್ಚಿದ ಕಣ್ಣಿಗೆ ಸೇರಿದ ಪದರಗಳ ಜೀವಕೋಶಗಳು ಕುಗ್ಗಿಹೋಗಿದ್ದವು. ಅಲ್ಲಿಂದ ಮುಂದಕ್ಕೆ, ಮಿದುಳಿನ ಹಿಂಭಾಗದಲ್ಲಿ ನೋಟವನ್ನು ಅರ್ಥಮಾಡಿಕೊಳ್ಳುವ ಹೊರಪದರವಾದ ದೃಷ್ಟಿ ಕಾರ್ಟೆಕ್ಸ್‌ನಲ್ಲಿ, ಸೂಜಿಯಂತಹ ಎಲೆಕ್ಟ್ರೋಡ್ ಇಳಿಸಿ ಒಂದೊಂದೇ ನರಕೋಶದ ಮಾತು ಕೇಳುತ್ತಾ ಹೋದರು. ಸಾಮಾನ್ಯ ಬೆಕ್ಕಿನಲ್ಲಿ ಐದರಲ್ಲಿ ನಾಲ್ಕು ಕೋಶಗಳು ಎರಡೂ ಕಣ್ಣಿಗೆ ಓಗೊಡುತ್ತವೆ. 1963ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಪರೀಕ್ಷಿಸಿದ 84 ಕೋಶಗಳಲ್ಲಿ ಮುಚ್ಚಿದ್ದ ಕಣ್ಣಿಗೆ ಓಗೊಟ್ಟದ್ದು ಒಂದೇ ಒಂದು.

ಅದೇ ಹೊಲಿಗೆಯನ್ನು ಬೆಳೆದ ಬೆಕ್ಕಿಗೆ ಹಾಕಿ ತಿಂಗಳುಗಟ್ಟಲೆ ಬಿಟ್ಟರು. ಏನೂ ಆಗಲಿಲ್ಲ. ಮುದುಕರ ಪೊರೆಗೂ ಮಗುವಿನ ಪೊರೆಗೂ ಇರುವ ವ್ಯತ್ಯಾಸ ಇಷ್ಟೇ: ಬೆಳೆದ ಮಿದುಳು ನೋಡುವುದನ್ನು ಕಲಿತು ಮುಗಿಸಿದೆ, ಎಳೆಯ ಮಿದುಳು ಇನ್ನೂ ಕಲಿಯುತ್ತಿದೆ.

ನಿಮ್ಮ ಕಚೇರಿಯಲ್ಲಿ ಯಾರಾದರೂ "ಮಗು ಬೆಳಕಿಗೆ ಕಣ್ಣು ಮುಚ್ಚುತ್ತದಲ್ಲ, ಮತ್ತೇನು ತಪಾಸಣೆ" ಅಂದರೆ ಅವರಿಗೊಂದು ಮಾತು ಹೇಳಿ. ರೆಪ್ಪೆ ಹೊಲಿಯುವ ಬದಲು ಅರೆಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದಾಗಲೂ ಮರಿಗಳ ಮಿದುಳಿಗೆ ಇದೇ ಬಗೆಯ ಪೆಟ್ಟು ಬಿದ್ದಿತ್ತು. ಬೆಳಕು ಒಳಗೆ ಹೋಗುತ್ತಿತ್ತು, ಗೆರೆ, ಅಂಚು, ಆಕಾರ ಹೋಗುತ್ತಿರಲಿಲ್ಲ. ಕಾರ್ಟೆಕ್ಸ್‌ಗೆ ಬೇಕಾದದ್ದು ಅಂಚುಗಳು. ಬಿಳಿ ಪೊರೆ ಕಟ್ಟಿದ ಕಣ್ಣು ಟಾರ್ಚಿಗೆ ಖಂಡಿತ ಸ್ಪಂದಿಸುತ್ತದೆ. ಆ ಕಣ್ಣು ಕಾಣುತ್ತಿದೆ ಅನ್ನುವುದಕ್ಕೆ ಆ ಸ್ಪಂದನೆ ಸಾಕ್ಷಿಯಲ್ಲ.

ಇನ್ನು ಸಮಯದ ವಿಷಯ. ಇದನ್ನು ಹ್ಯೂಬೆಲ್ ಮತ್ತು ವೀಸೆಲ್ 1970ರಲ್ಲಿ ವಾರ ವಾರಕ್ಕೆ ಬಿಡಿಸಿ ತೋರಿಸಿದರು. ಮರಿಗೆ ನಾಲ್ಕನೇ ವಾರ ಶುರುವಾಗುತ್ತಿದ್ದಂತೆ ಮಿದುಳು ಏಕಾಏಕಿ ಸೂಕ್ಷ್ಮವಾಗುತ್ತದೆ. 6ರಿಂದ 8ನೇ ವಾರದವರೆಗೆ ಆ ಸೂಕ್ಷ್ಮತೆ ಜೋರಾಗಿಯೇ ಇರುತ್ತದೆ. ಆಮೇಲೆ ಇಳಿಯುತ್ತಾ ಮೂರನೇ ತಿಂಗಳ ಕೊನೆಯ ಹೊತ್ತಿಗೆ ಮುಗಿಯುತ್ತದೆ. ನಾಲ್ಕು ಮತ್ತು ಐದನೇ ವಾರದಲ್ಲಾದರೆ ಬರೀ 3-4 ದಿನ ಒಂದು ಕಣ್ಣು ಮುಚ್ಚಿದರೂ ಸಾಕು, ಆ ಕಣ್ಣಿಗೆ ಓಗೊಡುವ ಕೋಶಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಕಚೇರಿಯ ಒಂದು ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟು ಹೊತ್ತು ಅದು. (ಚುಚ್ಚಬೇಕೆಂದು ಬರೆದದ್ದಲ್ಲ, ಆದರೆ ಬರೆದ ಮೇಲೆ ಅಳಿಸಲೂ ಮನಸ್ಸಾಗಲಿಲ್ಲ.)

ಮನುಷ್ಯರ ಮಗುವಿನಲ್ಲಿ ಈ ಅವಧಿ ಉದ್ದ, ವರ್ಷಗಳವರೆಗೆ ಚಾಚುತ್ತದೆ. ಬೆಕ್ಕಿನ ವಾರವನ್ನು ಮಗುವಿನ ತಿಂಗಳಿಗೆ ಗುಣಿಸಿ ಲೆಕ್ಕ ಹಾಕುವಷ್ಟು ಸರಳವಲ್ಲ. ಆದರೆ ತತ್ವ ಅದೇ. ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆಯಾಗಿ ಎಳೆಗೂಸಿನ ಒಂದು ಕಣ್ಣಿಗೆ ಕೆಲವು ದಿನ ಬ್ಯಾಂಡೇಜ್ ಹಾಕಿದ್ದಕ್ಕೇ ಮುಂದೆ ಆ ಕಣ್ಣು ಮಂದವಾದದ್ದನ್ನು ಜಪಾನಿನ ವೈದ್ಯರು 1970ರ ದಶಕದಲ್ಲಿ ವರದಿ ಮಾಡಿದ್ದಾರೆ. ಅಂದಿನಿಂದ ಮಕ್ಕಳ ಕಣ್ಣಿಗೆ ಪಟ್ಟಿ ಕಟ್ಟುವಾಗ ನಮ್ಮ ಕಸುಬಿನವರು ದಿನ ಎಣಿಸುತ್ತೇವೆ.

ಈಗ ನನ್ನ ಪ್ರಕಾರ ಈ ಇಡೀ ಕಥೆಯ ಅತಿ ಮುಖ್ಯ ಭಾಗ. ಒಂದು ಕಣ್ಣು ಮುಚ್ಚಿದರೆ ಇಷ್ಟು ಹಾನಿ ಅಂದ ಮೇಲೆ ಎರಡೂ ಮುಚ್ಚಿದರೆ ಎರಡು ಪಟ್ಟು ಹಾನಿ ಆಗಬೇಕು, ಅಲ್ಲವೇ? ಹ್ಯೂಬೆಲ್ ಮತ್ತು ವೀಸೆಲ್ ನಿರೀಕ್ಷಿಸಿದ್ದೂ ಅದನ್ನೇ. 1965ರಲ್ಲಿ ಎರಡೂ ಕಣ್ಣು ಹೊಲಿದ ಮರಿಗಳನ್ನು ನೋಡಿದರೆ ಕಾರ್ಟೆಕ್ಸ್‌ನ ಬಹಳಷ್ಟು ಕೋಶಗಳು ಇನ್ನೂ ಜೀವಂತವಾಗಿ ಉತ್ತರ ಕೊಡುತ್ತಿದ್ದವು, ಕೆಲವಂತೂ ಸಾಮಾನ್ಯ ಬೆಕ್ಕಿನ ಕೋಶಗಳ ಹಾಗೆಯೇ. ಅಂದರೆ ಪೆಟ್ಟು ಬಿದ್ದದ್ದು ಬರೀ ಬಳಕೆ ಇಲ್ಲದ್ದಕ್ಕಲ್ಲ, ಪೈಪೋಟಿಯಲ್ಲಿ ಸೋತದ್ದಕ್ಕೆ. ಎರಡು ಕಣ್ಣುಗಳು ಕಾರ್ಟೆಕ್ಸ್ ಅನ್ನುವ ಒಂದೇ ಹೊಲದ ದಾಯಾದಿಗಳು. ಒಬ್ಬ ಮಲಗಿದ್ದರೆ ಇನ್ನೊಬ್ಬ ಬದುವನ್ನು ಅತ್ತ ಸರಿಸುತ್ತಾ ಹೋಗುತ್ತಾನೆ. ಇಬ್ಬರೂ ಮಲಗಿದ್ದರೆ ಬದು ಇದ್ದಲ್ಲೇ ಇರುತ್ತದೆ. 1977ರಲ್ಲಿ ಹ್ಯೂಬೆಲ್, ವೀಸೆಲ್ ಮತ್ತು ಸೈಮನ್ ಲೆವೇ ಕೋತಿಗಳ ಮಿದುಳಿನಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಕಣ್ಣಿಗೆ ವಿಕಿರಣಶೀಲ ಅಮೈನೋ ಆಮ್ಲ ಚುಚ್ಚಿ, ಅದು ನರದ ಗುಂಟ ಕಾರ್ಟೆಕ್ಸ್ ತಲುಪಿದ ಮೇಲೆ ನೋಡಿದರೆ, ಎಡಗಣ್ಣಿಗೊಂದು ಬಲಗಣ್ಣಿಗೊಂದರಂತೆ ಸರದಿಯಲ್ಲಿ ಮೀಸಲಾಗಿ ಸಮ ಅಗಲ ಇರಬೇಕಾದ ಪಟ್ಟೆಗಳಲ್ಲಿ ತೆರೆದ ಕಣ್ಣಿನದು ಅಗಲವಾಗಿ, ಮುಚ್ಚಿದ ಕಣ್ಣಿನದು ಸೊರಗಿ ಗೆರೆಯಂತಾಗಿತ್ತು.

ಪೈಪೋಟಿಯ ವಾದಕ್ಕೆ ಇನ್ನೂ ಜಾಣ ಪುರಾವೆ ಕೊಟ್ಟವರು ರೇ ಗಿಲರಿ, 1972ರಲ್ಲಿ. ಅವರು ಒಂದು ಕಣ್ಣು ಮುಚ್ಚಿದ್ದಲ್ಲದೆ ತೆರೆದ ಕಣ್ಣಿನ ರೆಟಿನಾದಲ್ಲಿ ಒಂದು ಸಣ್ಣ ಜಾಗವನ್ನು ನಾಶ ಮಾಡಿದರು. ಥಲಾಮಸ್‌ನಲ್ಲಿ ಮುಚ್ಚಿದ ಕಣ್ಣಿನ ಕೋಶಗಳು ಎಂದಿನಂತೆ ಕುಗ್ಗಿದ್ದವು, ಆ ಸಣ್ಣ ಜಾಗಕ್ಕೆ ಎದುರಾದ ತುಣುಕೊಂದನ್ನು ಬಿಟ್ಟು. ಎದುರಾಳಿ ಇಲ್ಲದ ಕಡೆ ಸೋಲೂ ಇರಲಿಲ್ಲ.

ಇದರಿಂದ ನಿಮ್ಮ ನೀತಿಗೆ ಏನು? ಬಹಳ ಇದೆ. ಎರಡೂ ಕಣ್ಣಿಗೆ ಪೊರೆ ಇರುವ ಮಗುವನ್ನು ಮನೆಯವರು ಹೇಗೋ ಗುರುತಿಸುತ್ತಾರೆ. ಮಗು ಮುಖ ನೋಡಿ ನಗುವುದಿಲ್ಲ, ಕಣ್ಣು ಒಂದು ಕಡೆ ನಿಲ್ಲದೆ ಓಲಾಡುತ್ತದೆ. ಒಂದೇ ಕಣ್ಣಿಗೆ ಪೊರೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಗು ಇನ್ನೊಂದು ಕಣ್ಣಿನಿಂದ ಎಲ್ಲ ನೋಡುತ್ತದೆ, ನಗುತ್ತದೆ, ಅಂಬೆಗಾಲಿಡುತ್ತದೆ, ನೆಲದ ಮೇಲಿನ ಕಾಳನ್ನೂ ಹೆಕ್ಕುತ್ತದೆ. ಗೊತ್ತಾದ ಮೇಲೂ "ಇನ್ನೊಂದು ಕಣ್ಣು ಚೆನ್ನಾಗಿದೆಯಲ್ಲ, ನಿಧಾನಕ್ಕೆ ನೋಡಿದರಾಯಿತು" ಅನ್ನುವವರೇ ಹೆಚ್ಚು. ಆ ಚೆನ್ನಾಗಿರುವ ಕಣ್ಣೇ ಎದುರಾಳಿ. ಅದಕ್ಕಾಗಿಯೇ ಒಂದು ಕಣ್ಣಿನ ದಟ್ಟ ಪೊರೆಗೆ ಗಡುವು ಇನ್ನೂ ಬಿಗಿ: ಸುಮಾರು 6 ವಾರದೊಳಗೆ ತೆಗೆದರೆ ಫಲಿತಾಂಶ ಚೆನ್ನ, ಎರಡೂ ಕಣ್ಣಿನದಾದರೆ 8ರಿಂದ 10 ವಾರ. ತೀರಾ ಬೇಗ, ಮೊದಲ 4 ವಾರದಲ್ಲೇ ಮಾಡಿದರೆ ಮುಂದೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವ ರೋಗ) ಬರುವ ಅಪಾಯ ಹೆಚ್ಚೆಂದು ಶಸ್ತ್ರವೈದ್ಯರು ಸ್ವಲ್ಪ ತಡೆಯುತ್ತಾರೆ. ಉಳಿದ ಕಿಂಡಿ ಎಷ್ಟು ಚಿಕ್ಕದು ನೋಡಿ. 6ನೇ ವಾರದ ಲಸಿಕೆಗೆ ಬಂದಾಗ ಮೊದಲ ಸಲ ಕಣ್ಣು ನೋಡಿದರೆ ಆ ಕಿಂಡಿ ಮುಚ್ಚುತ್ತಿರುತ್ತದೆ. ಅದಕ್ಕೇ ಹುಟ್ಟಿದ ಮೊದಲ ದಿನಗಳಲ್ಲೇ ಎಂದು ಕೇಳುತ್ತಿದ್ದೇನೆ.

ಮಕ್ಕಳ ಕಣ್ಣು ಪರೀಕ್ಷಿಸುವುದು ನನ್ನ ಕೆಲಸ. ಮಾತು ಬಾರದ ಮಗುವಿಗೆ ಚಾರ್ಟ್ ಬೇಡ, ಅಂಗೈ ಸಾಕು. ಆಟಿಕೆ ತೋರಿಸುತ್ತಾ ಒಂದು ಕಣ್ಣನ್ನು ಮರೆಮಾಡುತ್ತೇನೆ. ಮಂದವಾದ ಕಣ್ಣನ್ನು ಮುಚ್ಚಿದರೆ ಮಗು ಆಟಿಕೆಯನ್ನೇ ನೋಡುತ್ತಿರುತ್ತದೆ, ಏನೂ ಆಗಿಲ್ಲವೆಂಬಂತೆ. ಚೆನ್ನಾಗಿರುವುದನ್ನು ಮುಚ್ಚಿದ ಕ್ಷಣ ಕತ್ತು ಆ ಕಡೆ ಈ ಕಡೆ ಹೊರಳುತ್ತದೆ, ನನ್ನ ಕೈಯನ್ನು ತಳ್ಳುತ್ತದೆ, ಅಳು ಶುರು. ತಾಯಿಗೆ ಅರ್ಥವಾಗುವುದು ಆಗಲೇ. ದೊಡ್ಡ ಮಕ್ಕಳು ಇನ್ನೂ ಕಿಲಾಡಿಗಳು, ಪಟ್ಟಿ ಅಂಟಿಸಿದರೆ ಮೂಗಿನ ಪಕ್ಕದ ಅಂಚನ್ನು ಉಗುರಿನಲ್ಲಿ ಎಬ್ಬಿಸಿ ಆ ಸಂದಿನಿಂದ ಒಳ್ಳೆಯ ಕಣ್ಣಲ್ಲೇ ಅಕ್ಷರ ಓದಿಬಿಡುತ್ತಾರೆ.

ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಮಂದವಾದದ್ದನ್ನು ದುಡಿಸುವ ಈ ಚಿಕಿತ್ಸೆ ಬೆಕ್ಕುಗಳ ಪ್ರಯೋಗಕ್ಕಿಂತ ಬಹಳ ಹಳೆಯದು. ಮೆಳ್ಳೆಗಣ್ಣಿಗೆ ಒಳ್ಳೆಯ ಕಣ್ಣನ್ನು ಮುಚ್ಚಿ ಎಂದು ಫ್ರಾನ್ಸಿನ ನಿಸರ್ಗವಿಜ್ಞಾನಿ ಬುಫಾನ್ 1743ರಲ್ಲೇ ಬರೆದಿದ್ದ. ಅದು ಯಾಕೆ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಅನ್ನುವುದು ತಿಳಿದದ್ದು ಮರಿಗಳಿಂದ. ಕಾಲಿನ್ ಬ್ಲೇಕ್‌ಮೋರ್ ಮತ್ತು ರಿಚರ್ಡ್ ವಾನ್ ಸ್ಲಯ್ಟರ್ಸ್ 1974ರಲ್ಲಿ ಹೊಲಿಗೆಯನ್ನು ಅದಲುಬದಲು ಮಾಡಿ ನೋಡಿದರು: ಮುಚ್ಚಿದ್ದ ಕಣ್ಣು ತೆರೆದು, ತೆರೆದಿದ್ದನ್ನು ಹೊಲಿದರು. 5 ವಾರದ ಮರಿಯಲ್ಲಿ ಇಡೀ ಕಾರ್ಟೆಕ್ಸ್ ಪಕ್ಷಾಂತರ ಮಾಡಿತು. 14 ವಾರದ ಮರಿಯಲ್ಲಿ ಹೆಚ್ಚುಕಡಿಮೆ ಏನೂ ಕದಲಲಿಲ್ಲ. ಬರೀ ಕಣ್ಣು ತೆರೆದುಬಿಟ್ಟರೆ ಸಾಲದು ಅನ್ನುವುದೂ ಆಗಲೇ ಗೊತ್ತಿತ್ತು, ಹೊಲಿಗೆ ಬಿಚ್ಚಿ ತಿಂಗಳುಗಟ್ಟಲೆ ಬಿಟ್ಟ ಮರಿಗಳೂ ಅಷ್ಟಾಗಿ ಚೇತರಿಸಿರಲಿಲ್ಲ. ಪೊರೆಯ ಶಸ್ತ್ರಚಿಕಿತ್ಸೆಗೆ ಮಾತ್ರ ಹಣ ಕೊಟ್ಟು, ಆಮೇಲಿನ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಪಟ್ಟಿ, ವರ್ಷಗಟ್ಟಲೆಯ ತಪಾಸಣೆಯನ್ನು ಮನೆಯವರ ತಲೆಗೆ ಕಟ್ಟುವ ಯೋಜನೆಗಳು ಅರ್ಧ ಕೆಲಸ ಮಾಡಿ ಪೂರ್ತಿ ಲೆಕ್ಕ ತೋರಿಸುತ್ತವೆ. ಪೊರೆ ಅಂದರೆ ಮಸುಕಾದ ಮಸೂರವೇ, ಅದನ್ನು ತೆಗೆದ ಕಣ್ಣಿಗೆ ಬಿಂಬವನ್ನು ಕೂಡಿಸಿಕೊಡುವ ಲೆನ್ಸ್ ಇಲ್ಲದಿದ್ದರೆ ಪೊರೆ ಹೋದರೂ ಮಸುಕು ಹೋಗುವುದಿಲ್ಲ.

ಮೆಳ್ಳೆಗಣ್ಣಿನ ಮಾತು ಬಂತು. ಮರಿಯ ಒಂದು ಕಣ್ಣಿನ ಸ್ನಾಯು ಕತ್ತರಿಸಿ ಕಣ್ಣನ್ನು ಹೊರಗೆ ವಾಲಿಸಿದಾಗ ಎರಡೂ ಕಣ್ಣು ತೆರೆದೇ ಇದ್ದವು, ಎರಡಕ್ಕೂ ಅಂಚು, ಆಕಾರ ಸಿಗುತ್ತಿತ್ತು. ಆದರೂ ಎರಡು ಕಣ್ಣಿನ ಸುದ್ದಿಯನ್ನು ಕೂಡಿಸುವ ಕೋಶಗಳು ಬಹುಪಾಲು ಇಲ್ಲವಾದವು. ಆಳ ಅಳೆಯುವ ನೋಟಕ್ಕೆ ಬೇಕಾದವು ಅವೇ. ಮಗು ಬೆಳೆದ ಮೇಲೆ ಕಣ್ಣನ್ನು ನೆಟ್ಟಗೆ ಮಾಡಿಸಿದರೆ ಮುಖ ಚೆನ್ನಾಗಿ ಕಾಣುತ್ತದೆ, ಆ ಕೋಶಗಳು ಮರಳಿ ಬರುವ ಖಾತ್ರಿ ಇಲ್ಲ.

ಪಠ್ಯಗಳಲ್ಲಿ ಎಲ್ಲರೂ ಹೇಳುವ ಇನ್ನೊಂದು ಪ್ರಯೋಗ ಇದೆ. 1970ರಲ್ಲಿ ಬ್ಲೇಕ್‌ಮೋರ್ ಮತ್ತು ಗ್ರಹಾಂ ಕೂಪರ್ ಮರಿಗಳನ್ನು ಕತ್ತಲಲ್ಲಿ ಸಾಕಿ, ದಿನಕ್ಕೆ ಕೆಲವು ಗಂಟೆ ಮಾತ್ರ ಬರೀ ಲಂಬ ಪಟ್ಟೆಗಳ, ಅಥವಾ ಬರೀ ಅಡ್ಡ ಪಟ್ಟೆಗಳ ಸಿಲಿಂಡರಿನೊಳಗೆ ಬಿಡುತ್ತಿದ್ದರು. ತಮ್ಮ ಮೈ ತಮಗೆ ಕಾಣದಂತೆ ಕತ್ತಿಗೆ ಅಗಲವಾದ ಕಾಲರ್ ಬೇರೆ. ನೋಡದ ದಿಕ್ಕಿನ ಗೆರೆಗೆ ಮಿದುಳಿನಲ್ಲಿ ಕೋಶಗಳೇ ಸಿಗಲಿಲ್ಲ ಎಂದು ಅವರು ಬರೆದರು. ನಾನು ಇದಕ್ಕೆ ಹೆಚ್ಚು ಭಾರ ಹಾಕುವುದಿಲ್ಲ, ಮುಂದೆ ಇದನ್ನು ಮತ್ತೆ ಮಾಡಿ ನೋಡಿದವರಿಗೆ ಪರಿಣಾಮ ಅಷ್ಟು ಖಡಾಖಂಡಿತವಾಗಿ ಕಾಣಲಿಲ್ಲ. ಒಂದು ಕಣ್ಣು ಮುಚ್ಚಿದ ಪ್ರಯೋಗ ಹಾಗಲ್ಲ. ಬೆಕ್ಕು, ಕೋತಿ, ಇಲಿ ಎಲ್ಲದರಲ್ಲೂ ಮತ್ತೆ ಮತ್ತೆ ಅದೇ ಬಂದಿದೆ. 1981ರ ನೊಬೆಲ್ ಪಾರಿತೋಷಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್‌ಗೆ ಪಾಲು ಸಿಕ್ಕಿತು.

ಇಷ್ಟು ಓದಿದ ಮೇಲೆ ಕೆಲವರಿಗೆ ಹೊಟ್ಟೆ ತೊಳಸಿರಬಹುದು. ನನಗೂ ಆಗುತ್ತದೆ. ಬ್ಲೇಕ್‌ಮೋರ್ ವರ್ಷಗಟ್ಟಲೆ ಪ್ರಾಣಿಹಕ್ಕಿನ ಹೋರಾಟಗಾರರ ಸಿಟ್ಟಿಗೆ ಗುರಿಯಾದರು, ಬೆದರಿಕೆಗಳನ್ನೂ ಎದುರಿಸಿದರು. ಬೆದರಿಕೆ ತಪ್ಪು, ಆದರೆ ಆ ಜನ ಕೇಳಿದ ಪ್ರಶ್ನೆ ಅಸಡ್ಡೆ ಮಾಡುವಂಥದ್ದಲ್ಲ: ಇದರಿಂದ ಯಾರಿಗೆ ಏನಾಯಿತು? ವಿಜ್ಞಾನಿಗಳು ಕೊಡುವ ಉತ್ತರ, ಮಕ್ಕಳ ಪೊರೆಯನ್ನು ಬೇಗ ತೆಗೆಯಬೇಕೆಂದು ತಿಳಿಯಿತು ಅನ್ನುವುದು. ಆ ಉತ್ತರ ನಿಜವಾಗುವುದು ನಿಮ್ಮ ಮೇಜಿನ ಮೇಲೆ. ಪೊರೆ ಬಲಿಯಲಿ ಎಂದು ಕಾಯಿಸಿದ ಪ್ರತಿ ಮಗುವೂ ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿದಂತೆ, ಈ ಸಲ ಫಲಿತಾಂಶ ಮೊದಲೇ ಗೊತ್ತಿದ್ದೂ. ಮರಿಗಳ ಮೇಲೆ ಇವತ್ತು ಯಾರಾದರೂ ಅದನ್ನೇ ಪುನಃ ಮಾಡಲು ಅನುಮತಿ ಕೇಳಿದರೆ ಯಾವ ನೈತಿಕ ಸಮಿತಿಯೂ ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಬೇಗ ತೆಗೆದ ಮಕ್ಕಳಲ್ಲೂ ಎಲ್ಲವೂ ಮರಳುವುದಿಲ್ಲ ಎಂಬುದನ್ನೂ ಹೇಳಬೇಕು. ಮನೋವಿಜ್ಞಾನಿ ಡಾಫ್ನಿ ಮೌರರ್ ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ 2ರಿಂದ 6 ತಿಂಗಳಷ್ಟೇ ಪೊರೆಯಿಂದಾಗಿ ನೋಟ ಕಳೆದುಕೊಂಡು, ಆಮೇಲೆ 9 ವರ್ಷಕ್ಕೂ ಹೆಚ್ಚು ಕಾಲ ನೋಡಿದವರಿದ್ದರು. ಎರಡು ಮುಖಗಳಲ್ಲಿ ಕಣ್ಣು ಬಾಯಿಯ ಆಕಾರ ಬೇರೆ ಇದ್ದರೆ ಅವರು ಗುರುತಿಸುತ್ತಿದ್ದರು. ಕಣ್ಣು ಬಾಯಿಗಳ ನಡುವಿನ ಅಂತರ ಮಾತ್ರ ಬದಲಾಗಿದ್ದರೆ ತಡವರಿಸುತ್ತಿದ್ದರು. ಮೊದಲ ತಿಂಗಳುಗಳಲ್ಲಿ ಮಗು ಸುಮ್ಮನೆ ಮುಖ ನೋಡುತ್ತಾ ಮಲಗಿರುವಾಗ ಮಿದುಳು ಎಷ್ಟು ಕೆಲಸ ಮಾಡುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದನ್ನು ಓದಿ "ಹಾಗಾದರೆ ತಡವಾಗಿ ಬಂದವರಿಗೆ ಖರ್ಚು ಮಾಡುವುದೇ ದಂಡ" ಎಂದು ಯಾರೂ ಟಿಪ್ಪಣಿ ಬರೆಯಬೇಡಿ. ನರವಿಜ್ಞಾನಿ ಪವನ್ ಸಿನ್ಹಾ ಭಾರತದಲ್ಲಿ ನಡೆಸುವ ಪ್ರಾಜೆಕ್ಟ್ ಪ್ರಕಾಶ್ ಎಂಬ ಯೋಜನೆ, ಹುಟ್ಟಿನಿಂದ ಪೊರೆ ಇದ್ದು ಎಂಟು ಹತ್ತು ವರ್ಷ ಕಳೆದ ಮೇಲೆ ಶಸ್ತ್ರಚಿಕಿತ್ಸೆಯಾದ ಮಕ್ಕಳೂ ಉಪಯೋಗಕ್ಕೆ ಬರುವಷ್ಟು ನೋಟ ಗಳಿಸುವುದನ್ನು ತೋರಿಸಿದೆ. ಅದು ಪೂರ್ಣ ನೋಟವಲ್ಲ, ಆದರೆ ಕುರುಡುತನವೂ ಅಲ್ಲ. 7ರಿಂದ 12 ವರ್ಷದ ಮಂದಗಣ್ಣಿನ ಮಕ್ಕಳಲ್ಲಿ ಕನ್ನಡಕದ ಜೊತೆ ಪಟ್ಟಿ ಮತ್ತು ಕಣ್ಣಿನ ಹನಿ ಬಳಸಿದಾಗ ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದ್ದು 2005ರ ದೊಡ್ಡ ಪರೀಕ್ಷೆಯೊಂದರಲ್ಲಿ ದಾಖಲಾಗಿದೆ. ಪ್ರಯೋಗಾಲಯದಿಂದಲೂ ಆಶೆ ಹುಟ್ಟಿಸುವ ಸುದ್ದಿಗಳಿವೆ. ಕಲಿಕೆಯ ಅವಧಿ ತಾನಾಗಿ ಮುಗಿಯುವುದಿಲ್ಲ, ಮಿದುಳೇ ತನಗೆ ಬ್ರೇಕ್ ಹಾಕಿಕೊಳ್ಳುತ್ತದೆ. ಕೆಲವು ನರಕೋಶಗಳ ಸುತ್ತ ಕಟ್ಟಿಕೊಳ್ಳುವ ಬಲೆಯಂತಹ ಪದಾರ್ಥವನ್ನು ಕಿಣ್ವದಿಂದ ಕರಗಿಸಿದಾಗ ಬೆಳೆದ ಇಲಿಯಲ್ಲೂ ಆ ಬ್ರೇಕ್ ಸಡಿಲವಾದದ್ದು 2002ರಲ್ಲಿ ಕಂಡಿತು. ಕೆನಡಾದಲ್ಲಿ ಕೆವಿನ್ ಡಫಿ ಮತ್ತು ಡೊನಾಲ್ಡ್ ಮಿಚೆಲ್ 2013ರಲ್ಲಿ, ಒಂದು ಕಣ್ಣು ಮಂದವಾಗಿದ್ದ ಮರಿಗಳನ್ನು 10 ದಿನ ಪೂರ್ತಿ ಕತ್ತಲಲ್ಲಿಟ್ಟು ಹೊರತಂದಾಗ ಆ ಕಣ್ಣು ಚೇತರಿಸಿಕೊಂಡಿತು. ಇವು ಯಾವುವೂ ಇವತ್ತು ಮಗುವಿಗೆ ಕೊಡುವ ಚಿಕಿತ್ಸೆಯಲ್ಲ. ಮನೆಯಲ್ಲಿ ಮಗುವನ್ನು ಕತ್ತಲಲ್ಲಿಟ್ಟು ನೋಡುವ ಸಾಹಸವಂತೂ ಖಂಡಿತ ಬೇಡ.

ಇವತ್ತು ಕೈಯಲ್ಲಿರುವುದು ಕೆಂಪು ಹೊಳಪಿನ ಪರೀಕ್ಷೆ. ಕೋಣೆಯ ಬೆಳಕು ಕಡಿಮೆ ಮಾಡಿ, ಮೊಳದಷ್ಟು ದೂರದಿಂದ ಆಫ್ತಾಲ್ಮೋಸ್ಕೋಪ್ ಎಂಬ, ಕಣ್ಣಿನೊಳಗೆ ನೋಡುವ ಕೈ ಉಪಕರಣದ ಬೆಳಕನ್ನು ಎರಡೂ ಕಣ್ಣಿನ ಮೇಲೆ ಬಿಟ್ಟು, ಅದರ ಕಿಂಡಿಯಿಂದ ನೋಡಬೇಕು. ತಿಳಿಯಾದ ಕಣ್ಣಿನ ಪಾಪೆ ಕೆಂಪಾಗಿ ಅಥವಾ ಕಿತ್ತಳೆಯಾಗಿ ಹೊಳೆಯುತ್ತದೆ, ಕೆಲವು ಮಕ್ಕಳಲ್ಲಿ ಸ್ವಲ್ಪ ಮಾಸಲಾಗಿ. ಕಪ್ಪು ಚುಕ್ಕೆ, ಬಿಳಿ ಛಾಯೆ, ಅಥವಾ ಎರಡು ಕಣ್ಣಿನ ಹೊಳಪಿನಲ್ಲಿ ಏರುಪೇರು ಕಂಡರೆ ಮುಂದಕ್ಕೆ ಕಳಿಸಬೇಕು. ಬಿಳಿ ಹೊಳಪು ರೆಟಿನಾದ ಕ್ಯಾನ್ಸರಿನ ಗುರುತೂ ಆಗಿರಬಹುದು, ಅದಂತೂ ಜೀವದ ಪ್ರಶ್ನೆ. ಮಗು ಕಣ್ಣು ಬಿಡದಿದ್ದರೆ ಎತ್ತಿ ನೆಟ್ಟಗೆ ಹಿಡಿದುಕೊಳ್ಳಿ, ಸಾಮಾನ್ಯವಾಗಿ ಬಿಡುತ್ತದೆ. ಪರೀಕ್ಷೆಗೆ ಹಿಡಿಯುವುದು ಒಂದೆರಡು ನಿಮಿಷ. ತರಬೇತಿ ಪಡೆದ ನರ್ಸ್ ಮಾಡಬಹುದು.

ಹಾಗಾಗಿ ನಾನು ಹೊಸ ಆಸ್ಪತ್ರೆ ಕೇಳುತ್ತಿಲ್ಲ. ಮಗುವಿನ ಆರೋಗ್ಯದ ಕಾರ್ಡಿನಲ್ಲಿ ಎಡಗಣ್ಣು, ಬಲಗಣ್ಣು, ಎರಡೂ ಸಮವೇ ಅನ್ನುವ ಮೂರು ಖಾನೆ, ನೋಡಿದವರ ಸಹಿ, ದಿನಾಂಕ. "ಕಣ್ಣು: ನಾರ್ಮಲ್" ಎಂಬ ಒಂದೇ ಖಾನೆ ಬೇಡ, ಅದನ್ನು ನೋಡದೆಯೂ ತುಂಬಬಹುದು. ಹೆರಿಗೆ ವಾರ್ಡಿಗೊಂದು ಕೆಲಸ ಮಾಡುವ ಆಫ್ತಾಲ್ಮೋಸ್ಕೋಪ್, ಅದರ ಬಲ್ಬು ಹೋದರೆ ಬದಲಿಸುವವರು ಯಾರು ಎಂಬ ಸ್ಪಷ್ಟ ಆದೇಶ. ಪೊರೆ ತೆಗೆದ ಮಗುವಿನ ಲೆನ್ಸ್ ಮತ್ತು ಪಟ್ಟಿಯ ಖರ್ಚು ಶಸ್ತ್ರಚಿಕಿತ್ಸೆಯ ಖರ್ಚಿನೊಳಗೇ ಸೇರಬೇಕು.

ನೀವು ಉತ್ತರ ಬರೆಯುವುದಾದರೆ, ಎಷ್ಟು ಶಿಬಿರ ನಡೆಸಿದ್ದೀರಿ, ಎಷ್ಟು ಕನ್ನಡಕ ಹಂಚಿದ್ದೀರಿ ಅನ್ನುವ ಲೆಕ್ಕ ಬೇಡ. ಹುಟ್ಟುಪೊರೆ ಇದ್ದ ಮಕ್ಕಳು ನಿಮ್ಮ ವ್ಯವಸ್ಥೆಯಲ್ಲಿ ಯಾವ ವಯಸ್ಸಿಗೆ ಪತ್ತೆಯಾದರು, ಪತ್ತೆಯಾದ ದಿನದಿಂದ ಶಸ್ತ್ರಚಿಕಿತ್ಸೆಯ ದಿನಕ್ಕೆ ಎಷ್ಟು ದಿನ ಹಿಡಿಯಿತು, ಒಂದೇ ಕಣ್ಣಿನವರದು ಬೇರೆ, ಎರಡೂ ಕಣ್ಣಿನವರದು ಬೇರೆ. ಆ ಅಂಕಿ ಕೊಡಿ. ಇಟ್ಟಿಲ್ಲವೆಂದಾದರೆ ಈ ತಿಂಗಳಿನಿಂದ ಇಡಲು ಶುರು ಮಾಡಿ.

ಇತಿ,
ಮಕ್ಕಳ ಕಣ್ಣು ಪರೀಕ್ಷಿಸುವ ಒಬ್ಬ ಆಪ್ಟೋಮೆಟ್ರಿಸ್ಟ್